ಉಳಿಸಲು ಏನೂ ಇಲ್ಲದ ಮನೆ

ವಿದ್ಯುತ್ ಇಲಾಖೆಯ ಉಳಿತಾಯ ಯೋಜನೆಗೆ ಮನೆ ನೋಡಲು ಬಂದಿದ್ದ ತಪಾಸಣೆಯವನು ಅಟ್ಟದಿಂದ ಇಳಿದು ಅಡುಗೆಮನೆಯ ಸ್ಟೂಲಿನ ಮೇಲೆ ಕುಸಿದು ಕೂತ. ಬೆಳಗಿನಿಂದ ಮನೆಮನೆಯ ಅಟ್ಟ ಹತ್ತಿ ಇಳಿದು ಅವನ ಮಂಡಿ ಮಾತು ಕೇಳುತ್ತಿರಲಿಲ್ಲ. ತಲೆಗೆ ಮೆತ್ತಿದ ಜೇಡರ ಬಲೆಯನ್ನು ಒರೆಸಿಕೊಂಡು ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡ. ಛಾವಣಿಗೆ ಚಳಿ ತಡೆಯುವ ಒಳಹೊದಿಕೆ ಇಲ್ಲ. ಕಿಟಕಿಗೆ ಒಂದೇ ಗಾಜು, ಅದೂ ಸಂದು ಬಿಟ್ಟಿದೆ. ಒಂದೊಂದಾಗಿ ತುಂಬುತ್ತ ಹೋದ.

"ಏನಾದ್ರೂ ಆಗುತ್ತಾ ಸಾರ್?" ಒಲೆಯ ಪಕ್ಕದಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದ ಸೊಸೆ ಕೇಳಿದಳು. ಮನೆ ನಡೆಯುತ್ತಿದ್ದುದು ಅವಳ ಹೊಲಿಗೆಯಿಂದಲೇ. "ಹೋದ ಚಳಿಗಾಲ ಅತ್ತೆಗೆ ಎದೆ ಕಟ್ಟಿ ಆಸ್ಪತ್ರೆಗೆ ಸೇರಿಸಿದ್ವಿ. ಇನ್ನೊಂದು ಚಳಿಗಾಲ ಹೀಗೇ ಕಳೆದ್ರೆ ಕಷ್ಟ ಅಂದಿದ್ದಾರೆ ಡಾಕ್ಟ್ರು."

"ಅವರಿಗೇನು, ಹೇಳ್ತಾರೆ," ಒಲೆಯ ಆಚೆ ಬದಿಯ ಮಂಚದಿಂದ ಅತ್ತೆ ಅಂದಳು. "ಯಮ ಕರೆದ ತಕ್ಷಣ ಎದ್ದು ಹೋಗೋಕೆ ನಾನೇನು ಬಿಟ್ಟಿ ಬಿದ್ದಿದೀನಾ?" ಮಾತು ಮುಗಿಯುವ ಮೊದಲೇ ಕೆಮ್ಮು ಬಂತು, ಬಂದದ್ದು ಬೇಗ ಹೋಗಲಿಲ್ಲ.

ಲೆಕ್ಕ ಹಾಕುವುದು ಅವನಲ್ಲ, ಸಾಫ್ಟ್‌ವೇರ್. ಅದು ತನ್ನೊಳಗೇ ಈ ಮನೆಯನ್ನು ಇನ್ನೊಮ್ಮೆ ಕಟ್ಟುತ್ತದೆ. ಎಲ್ಲ ಕೋಣೆಗಳೂ ಹಗಲಿರುಳು ಬೆಚ್ಚಗಿವೆ ಎಂದುಕೊಂಡು ಎಷ್ಟು ಕರೆಂಟ್ ಬೇಕೆಂದು ನೋಡುತ್ತದೆ. ಆಮೇಲೆ ಛಾವಣಿಗೆ ಹೊದಿಕೆ ಹಾಸಿ, ಕಿಟಕಿಯ ಸಂದು ಮುಚ್ಚಿ, ಮತ್ತೊಮ್ಮೆ ನೋಡುತ್ತದೆ. ನಡುವಿನ ವ್ಯತ್ಯಾಸವೇ ಉಳಿತಾಯ. ಅದು ನೂರಕ್ಕೆ ಇಪ್ಪತ್ತು ದಾಟಿದರೆ ಕೆಲಸವೆಲ್ಲ ಇಲಾಖೆಯ ಖರ್ಚಿನಲ್ಲಿ. ಈ ಮನೆಗೆ ನಲವತ್ತು ಬಂತು.

"ನಲವತ್ತು," ಅಂದ ಅವನು, ಆ ದಿನ ಮೊದಲ ಸಲ ಒಂದಿಷ್ಟು ಹಗುರಾಗಿ. "ಹೋದ ವರ್ಷದ ಕರೆಂಟ್ ಬಿಲ್ ಕೊಡಿ, ಅದೊಂದು ಹಾಕಿಬಿಟ್ರೆ ಮುಗೀತು."

ಮೊದಲೆಲ್ಲ ಬಿಲ್ಲು ಕೇಳುತ್ತಿರಲಿಲ್ಲ. ಸಾಫ್ಟ್‌ವೇರ್ ಹೇಳಿದ್ದೇ ವೇದವಾಕ್ಯ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿದ ಹಾಗೆ ಊರಿಗೆಲ್ಲ ಉಳಿತಾಯದ ಭರವಸೆ ಹಂಚಿ, ಬಿಲ್ಲು ಮಾತ್ರ ಇಳಿಯದೆ ಇಲಾಖೆ ಬೈಸಿಕೊಂಡಿತ್ತು. ಅಂದಿನಿಂದ ನಿಜವಾದ ಬಿಲ್ಲಿಗೆ ತಾಳೆ ನೋಡದೆ ಯಾವ ಲೆಕ್ಕವೂ ಮುಂದೆ ಹೋಗುವುದಿಲ್ಲ. ಅದು ನ್ಯಾಯವೇ ಎಂದು ಅವನೂ ಒಪ್ಪಿದ್ದ.

ಸೊಸೆ ಬಿಲ್ಲುಗಳನ್ನು ಪಿನ್ನು ಹಾಕಿ ಜೋಡಿಸಿಟ್ಟಿದ್ದಳು. ಮೊದಲ ರ‍್ಯಾಂಕ್ ಬಂದ ಮಗುವಿನ ಅಂಕಪಟ್ಟಿ ತೋರಿಸುವ ತಾಯಿಯ ಹಾಗೆ ಮುಂದೆ ಹಿಡಿದಳು. ಅವನು ತುಂಬಿದ. ನಲವತ್ತು ಇದ್ದದ್ದು ಮೂರಕ್ಕೆ ಇಳಿಯಿತು. ಕೈತಪ್ಪಾಯಿತೇನೋ ಎಂದು ಅಳಿಸಿ ಮತ್ತೆ ತುಂಬಿದ. ಮೂರೇ.

"ನೀವು ಹೀಟರ್ ಹಾಕೋದೇ ಇಲ್ವಾ?"

"ಮುಂಚೆ ಹಾಕ್ತಿದ್ವಿ ಸಾರ್. ಅರ್ಜಿ ವಿಚಾರಿಸೋಕೆ ಆಫೀಸಿಗೆ ಹೋದಾಗ ಒಂದು ವರ್ಷದ ಬಿಲ್ ನೋಡ್ತಾರೆ ಅಂದ್ರು. ಕೈ ಬಿಗಿ ಹಿಡಿದು ಬದುಕೋರಿಗೆ ಮೊದಲು ಕೊಡ್ತಾರೆ ಅಂದ್ಕೊಂಡೆ. ಉಳಿದ ಕೋಣೆ ಎಲ್ಲ ಮುಚ್ಚಿ ಇಬ್ರೂ ಒಲೆ ಹತ್ರ ಬಂದ್ಬಿಟ್ವಿ." ಅವಳು ದನಿ ತಗ್ಗಿಸಿದಳು. "ಅತ್ತೆಗೂ ನಾನೇ ಹೇಳಿದ್ದು, ಇದೊಂದು ಚಳಿಗಾಲ ತಡ್ಕೊಳ್ಳಿ ಅಂತ."

"ತಡ್ಕೊಂಡೆ," ಅಂದಳು ಮುದುಕಿ. "ಈಗ ಏನಂತೆ ಮಗಾ?"

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ. ಇವರು ಕಾಲು ಮಡಚಿಕೊಂಡೇ ವರ್ಷ ಕಳೆದಿದ್ದರು. ಅವನು ಪರದೆಯನ್ನು ಮಂಚದ ಕಡೆ ತಿರುಗಿಸಿದ. "ಅಮ್ಮಾ, ಯಾರು ಎಷ್ಟು ಉಳಿಸಿದ್ದಾರೆ ಅಂತ ಇದು ನೋಡಲ್ಲ. ಪೋಲಾಗ್ತಿರೋದ್ರಲ್ಲಿ ಎಷ್ಟು ತಡೀಬಹುದು ಅಂತ ನೋಡುತ್ತೆ. ನೀವು ಪೋಲು ಮಾಡೇ ಇಲ್ಲ. ಹಾಗಾಗಿ ಉಳಿಸೋಕೆ ಏನೂ ಇಲ್ಲ ಅನ್ನುತ್ತೆ."

ಸೊಸೆಯ ಮುಖ ಬಿಳುಚಿತು. ಅವಳು ಮಂಚದ ಕಡೆ ನೋಡಲಿಲ್ಲ. ಅವನು ಲ್ಯಾಪ್‌ಟಾಪ್ ಮುಚ್ಚಿದ. ಸಿಟ್ಟು ಬಂದಿದ್ದರೆ ವಾಸಿ ಇತ್ತು, ಆದರೆ ಸಿಟ್ಟು ಮಾಡಲೂ ಅವನಲ್ಲಿ ತ್ರಾಣ ಉಳಿದಿರಲಿಲ್ಲ. ತಪ್ಪು ಲೆಕ್ಕವಾಗಿದ್ದರೆ ಯಾರನ್ನಾದರೂ ಬೈಯಬಹುದಿತ್ತು, ಇದು ಸರಿಯಾದ ಲೆಕ್ಕ. ಏಣಿ, ಟಾರ್ಚು, ಟೇಪು ಎಲ್ಲ ಎತ್ತಿಕೊಂಡು ಹೊರಟ.

ಬಾಗಿಲಲ್ಲಿ ನಿಂತು, ತನಗೆ ತೋಚಿದ ಒಂದೇ ದಾರಿ ಹೇಳಿದ. "ಒಂದು ಕೆಲಸ ಮಾಡಿ ಅಕ್ಕಾ. ಈ ಚಳಿಗಾಲ ಎಲ್ಲ ಕೋಣೆಗೂ ಹೀಟರ್ ಹಾಕಿ ಬೆಚ್ಚಗಿರಿ. ಬಿಲ್ ಏರಲಿ. ಮುಂದಿನ ವರ್ಷ ಮತ್ತೆ ಅರ್ಜಿ ಹಾಕಿ, ಆಗ ಖಂಡಿತ ಸಿಗುತ್ತೆ."

"ಅಷ್ಟು ಬಿಲ್ ಕಟ್ಟೋ ಶಕ್ತಿ ಇದ್ದಿದ್ರೆ," ಅಂದಳು ಸೊಸೆ, ಜಗಳದ ದನಿಯಲ್ಲಲ್ಲ, ನಿಜಕ್ಕೂ ತಿಳಿದುಕೊಳ್ಳಲು ಕೇಳುವವಳ ಹಾಗೆ, "ನಾನು ನಿಮ್ಮನ್ನ ಯಾಕೆ ಕರೀತಿದ್ದೆ ಸಾರ್?"

ಅವನು ಏಣಿಯನ್ನು ಈ ಹೆಗಲಿನಿಂದ ಆ ಹೆಗಲಿಗೆ ಬದಲಿಸಿದ. ಒಳಗಿನಿಂದ ಮುದುಕಿಯ ಕೂಗು ಕೇಳಿತು.

"ಬಾಗಿಲು ಹಾಕೇ. ಇರೋ ಬಿಸಿಯೂ ಹೋಗುತ್ತೆ."