ನೋವಿನ ಪುಸ್ತಕ

ಮೇದೋಜೀರಕ ಗ್ರಂಥಿಯ ಕ್ಯಾನ್ಸರಿಗೆ ಹೊಸ ಗುಳಿಗೆ ಪರೀಕ್ಷಿಸುತ್ತಿದ್ದ ಆಸ್ಪತ್ರೆಯವರು ಫಕೀರಪ್ಪನಿಗೆ ಒಂದು ಪುಸ್ತಕ ಕೊಟ್ಟಿದ್ದರು. ಗುಳಿಗೆ ನುಂಗಿದ ಮೇಲೆ ಆಗುವ ತ್ರಾಸನ್ನೆಲ್ಲ ದಿನವೂ ಅದರಲ್ಲಿ ಬರೆಯಬೇಕು. ಹೆಂಡತಿ ದ್ಯಾಮವ್ವ ಪೆನ್ನು ಹಿಡಿದು ಕೂತಳು.

“ಹೊಟ್ಟ್ಯಾಗ ಬೆಂಕಿ ಬಿದ್ದಂಗ ಆಗೇತಿ. ವಾಂತಿಯೊಳಗ ರಕ್ತಾನೂ ಬಂತು. ಬರಿ.”

“ಬಾಯಿ ಮುಚ್ರಿ! ಹಂಗ ಬರದ್ರ ಹೆಸರ ತಗದು ಮನಿಗೆ ಕಳಸ್ತಾರ. ಮನ್ಯಾಗೇನೈತಿ, ಸಾವು?”

ಅವಳು ‘ಆರಾಮ’ ಎಂದು ಬರೆದಳು. ಇಪ್ಪತ್ತೊಂದು ದಿನವೂ ಅದನ್ನೇ ಬರೆದಳು.

ಪುಸ್ತಕ ಓದಿದ ಡಾಕ್ಟರು ಹಿಗ್ಗಿಹೋದರು. “ಫಕೀರಪ್ಪನವರೇ, ಒಂದು ದಿನವೂ ತೊಂದರೆ ಆಗಿಲ್ವಾ?”

ದ್ಯಾಮವ್ವ ಅವರ ಹಿಂದೆ ನಿಂತು ಗಂಡನಿಗೆ ಕಣ್ಣು ಬಿಟ್ಟಳು.

“ಇಲ್ರೀ ಸಾಹೇಬ್ರ,” ಎಂದ ಫಕೀರಪ್ಪ.

“ಹಾಗಿದ್ರೆ ಗುಳಿಗೆ ನಿಮ್ಮ ಮೈಗೆ ಒಗ್ಗಿದೆ. ಇವತ್ತಿನಿಂದ ಇದರ ಎರಡರಷ್ಟು ಕೊಡ್ತೀವಿ.”