ಬಾಗಿಲ ಹಿಂದೆ ಗಡ್ಡದವನು

“ಅಣ್ಣಾ, ಅತ್ತಿಗೆ ಒಬ್ಬರೇ ಇಲ್ಲ. ಒಳಗೆ ಯಾರೋ ಗಂಡಸಿದ್ದಾನೆ.”

ಮುಖದ ಪೌಡರ್ ಒರೆಸಿಕೊಳ್ಳುತ್ತಿದ್ದ ವಾರ್ತಾವಾಚಕ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡ. ಮಧ್ಯಾಹ್ನದ ವಾರ್ತೆ ಆಗಷ್ಟೇ ಮುಗಿದಿತ್ತು. ಭೂಕಂಪವಿರಲಿ, ಚುನಾವಣೆಯಿರಲಿ, ಒಂದೇ ಗಾಂಭೀರ್ಯದಲ್ಲಿ ತೂಗಿ ಕೊಡುವ ದನಿ ಅವನದು. ಅವನು ಅಂಗಡಿಯಲ್ಲಿ ಸೋಪು ಕೇಳಿದರೂ ಪಕ್ಕದವರು ನೆಟ್ಟಗೆ ನಿಲ್ಲುತ್ತಿದ್ದರು.

“ಏನೇ ಮಾತಾಡ್ತಿದ್ದೀಯ?”

“ಆಣೆಗೂ ಅಣ್ಣ. ಪುಸ್ತಕ ವಾಪಸ್ ಕೊಡೋಣ ಅಂತ ಮೇಲಿಂದ ಇಳಿದು ಬಂದೆ. ಬೀಗ ಹಾಕ್ಕೊಂಡಿದ್ದಾರೆ, ಪರದೆ ಎಳೆದಿದ್ದಾರೆ. ಅತ್ತಿಗೆ ಕಿಸಿಕಿಸಿ ನಗ್ತಿದ್ದಾರೆ. ಅವನು ‘ರಾಣಿ, ರಾಣಿ’ ಅಂತಿದ್ದಾನೆ!”

“ದನಿ ಹೇಗಿದೆ?”

ಇಂಥ ಹೊತ್ತಿನಲ್ಲಿ ಯಾರಾದರೂ ಇದನ್ನು ಕೇಳುತ್ತಾರಾ? ತಂಗಿ ಬಾಗಿಲಿಗೆ ಕಿವಿಯಿಟ್ಟಳು. “ವಯಸ್ಸಾದವನ ಥರ. ನಡುಗುತ್ತೆ. ತಡಿ... ‘ನನ್ನ ಗಡ್ಡದ ಮೇಲಾಣೆ’ ಅಂದ ಈಗ. ಗಡ್ಡ ಬೇರೆ ಇದೆ, ಅಣ್ಣಾ!”

ಆ ಕಡೆ ಕುರ್ಚಿ ಸರಿದ ಸದ್ದಾಯಿತು.

“ಬಾಗಿಲು ತಟ್ಟಬೇಡ. ಯಾರಿಗೂ ಹೇಳಬೇಡ. ಬಂದೆ.”

ಅವನು ಮನೆ ಮುಟ್ಟಿದಾಗ ಒಂದು ಕೆನ್ನೆಯ ಪೌಡರ್ ಹಾಗೇ ಉಳಿದಿತ್ತು. ಇನ್ನೊಂದು ಕೆನ್ನೆ ಪೌಡರ್ ಇಲ್ಲದೆಯೇ ಬಿಳುಚಿತ್ತು. ತಂಗಿ ಮೆಟ್ಟಿಲ ಬಳಿ ಕಾಯುತ್ತಿದ್ದಳು. ಕೈಯಲ್ಲಿ ಈಗ ಪುಸ್ತಕವಿರಲಿಲ್ಲ, ಪೊರಕೆಯಿತ್ತು.

ಇಬ್ಬರೂ ಬಾಗಿಲ ಹತ್ತಿರ ಬಗ್ಗಿದರು.

“ಕೋಪ ಬಿಡು ರಾಣಿ,” ಒಳಗಿನವನು ಗೋಗರೆಯುತ್ತಿದ್ದ. “ಹೀಗೆ ಹಗ್ಗ ಹಾಕಿ ಕಟ್ಟಬೇಡ ನನ್ನನ್ನ.”

“ಅಯ್ಯೋ, ಕಟ್ಟಿಹಾಕಿದ್ದಾರಂತೆ!” ತಂಗಿ ಪಿಸುಗುಟ್ಟಿದಳು. “ಯಾರಣ್ಣ ಇವನು? ನಿನಗೆ ಗೊತ್ತಿರೋನಾ?”

“ಗೊತ್ತು. ಮದುವೆಗೆ ಮುಂಚಿನಿಂದ.”

“ನಿನಗೆ ಗೊತ್ತು ಅಂತ ಅತ್ತಿಗೆಗೆ ಗೊತ್ತಾ?”

“ಇಲ್ಲ. ಅವನ ಕಾಟ ಮುಗೀತು ಅಂದ್ಕೊಂಡಿದ್ದೆ.” ಅವನು ಜೇಬಿನಿಂದ ಬೀಗದ ಕೈ ತೆಗೆದ. “ನೀನು ಮೇಲೆ ಹೋಗು.”

“ಹೋಗಲ್ಲ. ನೀನು ಅವನನ್ನ ಏನಾದ್ರೂ ಮಾಡಿಬಿಟ್ರೆ, ನಾಳೆ ಅದನ್ನ ವಾರ್ತೇಲಿ ನೀನೇ ಓದಬೇಕಾಗುತ್ತೆ.”

ಬಾಗಿಲು ತೆರೆಯಿತು. ತಂಗಿಯೇ ಮೊದಲು ನುಗ್ಗಿದಳು. ಪರದೆಯ ಹಿಂದೆ ಪೊರಕೆ ತೂರಿಸಿದಳು. ಕಿಟಕಿ ಬಿಟ್ಟರೆ ಏನೂ ಸಿಗಲಿಲ್ಲ.

ಹೆಂಡತಿ ಸೋಫಾದಲ್ಲಿ ಒಬ್ಬಳೇ ಇದ್ದಳು. ತುರ್ತು ಚಿಕಿತ್ಸೆ ವಾರ್ಡಿನ ನರ್ಸಿಗೆ ಅದು ವಾರದ ರಜೆ. ಪಾದ ಎರಡೂ ಬಿಸಿನೀರಿನ ಟಬ್ಬಿನಲ್ಲಿ, ತಲೆಗೆ ಟವೆಲ್, ತೊಡೆಯ ಮೇಲೆ ಪಾಪ್‌ಕಾರ್ನ್. ಎದುರಿಗೆ ಟಿವಿಯಲ್ಲಿ ಬಣ್ಣಬಣ್ಣದ ಕಾರ್ಟೂನ್ ಅರಮನೆ. ಅಂಗಳದ ಕಂಬಕ್ಕೆ ಕಟ್ಟಿದ ಒಂದು ಹೋತ, ತಲೆಯ ಮೇಲೆ ಕಿರೀಟ.

ಅವಳು ಗಾಬರಿಯಲ್ಲಿ ರಿಮೋಟ್ ಒತ್ತಿದಳು. ಚಿತ್ರ ನಿಲ್ಲಲಿಲ್ಲ, ದನಿ ಮಾತ್ರ ನಿಂತಿತು. ಹೋತ ಸುಮ್ಮನೆ ಬಾಯಿ ಆಡಿಸತೊಡಗಿತು.

“ಹೋತ!” ತಂಗಿ ಪೊರಕೆ ಬಿಸಾಡಿ ನೆಲದ ಮೇಲೇ ಕುಳಿತು ನಕ್ಕಳು. “ಅಣ್ಣಾ, ಹೋತ! ನಿನ್ನ ಸವತಿ ಹೋತ!”

“ಏನ್ರೀ ಇದು, ಇಷ್ಟು ಹೊತ್ತಿಗೇ ಬಂದಿದ್ದೀರಿ?” ಹೆಂಡತಿಯ ಕಿವಿಯೆಲ್ಲ ಕೆಂಪಾಯಿತು. “ಇದು... ಎರಡನೇ ಭಾಗ. ಮೊದಲನೇದರಲ್ಲಿ ಹೋತ ರಾಜಕುಮಾರ ಆಗಿದ್ದ. ಮದುವೆ ಆದ್ಮೇಲೆ ರಾಣಿ ಹತ್ರ ಸುಳ್ಳು ಹೇಳಿದ, ಮತ್ತೆ ಹೋತ ಆದ.”

ತಂಗಿ ಕಾಲೇಜಿನಲ್ಲಿ ಸಿನಿಮಾದ ಬಗ್ಗೆ ಪಾಠ ಹೇಳುವವಳು. ಯಾರೂ ನಗದಿದ್ದರೇ ಅದು ಸಿನಿಮಾ ಅನ್ನುವ ಪಂಗಡ.

“ಎರಡನೇ ಭಾಗ ಬೇರೆ! ಅತ್ತಿಗೆ, ಇದನ್ನ ಹಾಕಿದ್ರೆ ಮಕ್ಕಳೇ ಎದ್ದು ಹೋಗ್ತಾರೆ. ಆ ಬ್ಯಾಬ್ಯಾ ಕೇಳಿದ್ರೆ ಹಲ್ಲು ಜುಮ್ ಅನ್ನುತ್ತೆ. ನಮ್ಮ ಸ್ಟಾಫ್ ರೂಮಲ್ಲಿ ಹೇಳಿದ್ರೆ ಒಂದು ವಾರ ನಗ್ತಾರೆ. ದೇಶಕ್ಕೆಲ್ಲ ವಾರ್ತೆ ಓದೋರ ಹೆಂಡತಿ ಇಲ್ಲಿ ಹೋತ ನೋಡ್ತಾ ಕೂತಿದ್ದಾರೆ!”

ವಾರ್ತಾವಾಚಕ ತನ್ನ ಬೂಟಿನ ತುದಿ ನೋಡುತ್ತಿದ್ದ.

ಹೆಂಡತಿ ಪಾಪ್‌ಕಾರ್ನ್ ಬಟ್ಟಲನ್ನು ಪಕ್ಕಕ್ಕಿಟ್ಟಳು. “ವಾರ್ಡಲ್ಲಿ ದಿನವಿಡೀ ಯಾರಾದ್ರೂ ಒಬ್ಬರು ನೋವಿಗೆ ಕೂಗ್ತಾನೇ ಇರ್ತಾರೆ ಕಣಮ್ಮ. ಮನೆಗೆ ಬಂದ್ರೂ ಕಿವಿಯಿಂದ ಹೋಗಲ್ಲ. ಇವನೊಬ್ಬ ಕೂಗಿದ್ರೆ ನನಗೆ ನಗು ಬರುತ್ತೆ. ಅದಕ್ಕೇ ನೋಡೋದು.” ಟವೆಲಿನ ತುದಿಯಿಂದ ಮೂಗು ಒರೆಸಿಕೊಂಡಳು. “ಇರಲಿ ಬಿಡು. ನಿಮ್ಮಣ್ಣನ ಮರ್ಯಾದೆ ಪ್ರಶ್ನೆ. ಇನ್ನು ನೋಡಲ್ಲ.”

ಅವಳ ಬೆರಳು ರಿಮೋಟಿನ ಕೆಂಪು ಗುಂಡಿಯ ಮೇಲೆ ಹೋಯಿತು.

“ಆಫ್ ಮಾಡಬೇಡ,” ಗಂಡ ಅಂದ. ಎಷ್ಟು ಗಂಭೀರವಾಗಿ ಅಂದನೆಂದರೆ ತಂಗಿಯ ನಗು ಅರ್ಧಕ್ಕೇ ನಿಂತಿತು.

“ಯಾಕೆ ರೀ, ನೀವೂ ನಗಬೇಕಾ? ಈಗ ಬರೋದೇ ನನಗೆ ತುಂಬಾ ಇಷ್ಟವಾದ ಮಾತು. ನಿಮಗೆಲ್ಲಿ ಗೊತ್ತಾಗಬೇಕು?”

ಅವನು ಟೈ ಸಡಿಲಿಸಿ ಅವಳ ಪಕ್ಕ ಕುಳಿತ. ಟಿವಿಯಲ್ಲಿ ಹೋತ ಗಡ್ಡ ಎತ್ತಿ, ಗಂಟಲು ಸರಿಮಾಡಿಕೊಂಡು, ಬಾಯಿ ತೆರೆಯಿತು.

“ರಾಣೀಈಈ,” ಅದೇ ನಡುಗುವ ದನಿ ಕೋಣೆಯನ್ನು ತುಂಬಿತು. “ಸುಳ್ಳು ಹೇಳಿದ್ದು ನಿಜ. ನಾಚಿಕೆಗೆ ಹೇಳಿದೆ. ಕಿರೀಟ ಹೋದರೆ ಹೋಗಲಿ. ನೀನೊಮ್ಮೆ ನಕ್ಕರೆ ಹುಲ್ಲೇ ಸಾಕು ನನಗೆ.”

ಹೋತದ ತುಟಿಗೂ ಮಾತಿಗೂ ಕೂದಲೆಳೆಯಷ್ಟೂ ಅಂತರವಿರಲಿಲ್ಲ.

ಟಿವಿಯ ದನಿಯನ್ನು ಮಾತ್ರ ಇನ್ನೂ ಯಾರೂ ಹಾಕಿರಲಿಲ್ಲ. ಅತ್ತಿಗೆ, ನಾದಿನಿ ಇಬ್ಬರೂ ನಿಧಾನವಾಗಿ ವಾರ್ತಾವಾಚಕನ ಕಡೆಗೆ ತಿರುಗಿದರು.