ಕಲ್ಲಿನ ಹಾಗೆ ಕೂತ ನಾಯಿ

ಬಾಣಲೆ ಢಣ್ಣೆಂದು ನೆಲಕ್ಕೆ ಬಿತ್ತು. ತೋವಾ ಕಿವಿ ಎತ್ತಿ ನೋಡಿತು, ಹೋಗಿ ಬಾಣಲೆಯನ್ನೊಮ್ಮೆ ಮೂಸಿತು, ವಾಪಸ್ ಬಂದು ಒಡೆಯ ತಮಾತಿಯ ಬೂಟಿನ ಮೇಲೆ ಗದ್ದ ಊರಿತು. ಮುಖ್ಯೋಪಾಧ್ಯಾಯಿನಿ ಆನಾಹೇರಾ ಬಿಗಿಹಿಡಿದ ಉಸಿರು ಬಿಟ್ಟರು. ಹಾಲ್‌ನ ಆ ತುದಿಯ ಮೇಜಿನಲ್ಲಿ ಪರೀಕ್ಷಕಿ ಬೆರಿಲಜ್ಜಿ ತುಟಿ ಬಿಚ್ಚದೆ ಕಾಗದದಲ್ಲಿ ಗುರುತು ಹಾಕಿಕೊಂಡರು. ಒಡೆಯ ಜೊತೆಗಿರುವ ಪರೀಕ್ಷೆಗಳಲ್ಲಿ ಅವರು ಮಾತಾಡುವಂತಿಲ್ಲ, ನಿಯಮ.

ಪಾಸಾದರೆ ತೋವಾ ವಾರಕ್ಕೆರಡು ದಿನ ತರಗತಿಯಲ್ಲಿ ಕೂತು ಮಕ್ಕಳು ಓದುವುದನ್ನು ಕೇಳಬಹುದು. ಇದೆಲ್ಲ ನಡೆದದ್ದು ಮೆರಿಯಾನಾಗಾಗಿ. ತಮಾತಿಯ ತಂಗಿಯ ಮಗಳು, ಎಂಟು ವರ್ಷ, ಮಾತು ತೊದಲು. ಮನುಷ್ಯರ ಮುಂದೆ ಅವಳ ಬಾಯಿ ಕಟ್ಟಿಹೋಗುತ್ತಿತ್ತು. ತೋವಾನ ಮುಂದೆ ಮಾತ್ರ ಪುಸ್ತಕ ಪೂರ್ತಿ ಓದುತ್ತಿದ್ದಳು. ಈಗ ಕಿಟಕಿಯ ಕೆಳಗಿನ ಬೆಂಚಿನಲ್ಲಿ ಎರಡೂ ಕೈ ತೊಡೆಯಡಿ ಇಟ್ಟುಕೊಂಡು ಕೂತಿದ್ದಳು.

ಬೆರಿಲಜ್ಜಿಯ ಮಾತೇ ಕೊನೆ. ನಲವತ್ತು ವರ್ಷ ಕುರಿನಾಯಿ ಪಳಗಿಸಿದ ಕೈ ಅದು. ಗಿಸ್ಬರ್ನ್ ಸುತ್ತಮುತ್ತ ಯಾವ ಸ್ಪರ್ಧೆಗೆ ಹೋದರೂ ಗೆದ್ದದ್ದು ಅವರ ನಾಯಿಯೇ. ಎಂಟು ವರ್ಷದ ಹಿಂದೆ ಕೊನೆಯ ಮರಿಯನ್ನು ಯಾರೋ ಕದ್ದರಂತೆ. ಅಲ್ಲಿಂದಾಚೆ ನಾಯಿ ಸಾಕಲಿಲ್ಲ. ನಾಯಿಯ ಮೈ ನೋಡಿ ಮನಸ್ಸು ತಿಳಿಯುವ ತರಬೇತಿ ಪಡೆದು ಪರೀಕ್ಷಕರಾದರು.

ಬೆಳಿಗ್ಗೆ ಚಹಾ ಕೊಡುವಾಗ ಆನಾಹೇರಾ ಬೆಣ್ಣೆ ಹಚ್ಚಿದ್ದರು. "ನಿಮ್ಮ ನಾಯಿಗಳು ಮೈದಾನದಲ್ಲಿ ಕಲ್ಲಿನ ಹಾಗೆ ಕೂರ್ತಿದ್ವಂತೆ. ಅಪ್ಪ ಈಗ್ಲೂ ಹೇಳ್ತಿರ್ತಾರೆ."

"ನಾನು ಹೇಳೋವರೆಗೂ ರೆಪ್ಪೆ ಮಿಟುಕಿಸ್ತಿರ್ಲಿಲ್ಲ," ಎಂದು ಅಜ್ಜಿ ಬೀಗಿದ್ದರು.

ಉಳಿದದ್ದು ಒಂದೇ ಪರೀಕ್ಷೆ. ಒಡೆಯ ಹೊರಗೆ ಹೋಗಬೇಕು, ನಾಯಿ ಪರೀಕ್ಷಕರ ಬಳಿ ಮೂರು ನಿಮಿಷ ಇರಬೇಕು. ತಮಾತಿ ಹೊರಟ. ಕುರಿ ಕಾಯುವವನು, ಬಾಗಿಲಿಗೆ ಒರಗಿಸಿದ್ದ, ಕುರಿ ಅಟ್ಟುವ ಕಪ್ಪು ಪೈಪಿನ ತುಂಡನ್ನು ಅಭ್ಯಾಸಬಲದಿಂದ ಕೈಗೆತ್ತಿಕೊಂಡ. ಗಾಜಿನ ಬಾಗಿಲಾಚೆ ಶತಪಥ ಹಾಕತೊಡಗಿದ.

ಬೆರಿಲಜ್ಜಿ ನಾಲಿಗೆ ಮಡಿಸಿ ಎರಡು ಸ್ವರದ ಸಣ್ಣ ಸಿಳ್ಳೆ ಹಾಕಿದರು. ತೋವಾ ನೆಟ್ಟಗೆ ಬಂದು ಅವರ ಕಾಲ ಬಳಿ ಕೂತುಬಿಟ್ಟಿತು.

"ಅಬ್ಬಬ್ಬಾ! ನಾವು ಬಿಸ್ಕತ್ತು ತೋರಿಸಿದ್ರೂ ಬರಲ್ಲ ಇದು," ಅಂದರು ಆನಾಹೇರಾ.

"ನನ್ನ ಸಿಳ್ಳೆಗೆ ಬರದ ನಾಯಿ ಇನ್ನೂ ಹುಟ್ಟಿಲ್ಲ."

"ಎಷ್ಟು ಶಾಂತವಾಗಿದೆ ನೋಡಿ. ಪಾಸು ತಾನೇ?"

ಅಜ್ಜಿ ಬಗ್ಗಿ ನೋಡಿದರು. ಮೂತಿ ನರೆತ ಕಪ್ಪು ನಾಯಿ. ಆ ಕಣಿವೆಯಲ್ಲಿ ಮನೆಗೊಂದು ಅಂಥದ್ದು. ಅವರ ಹುಬ್ಬು ಗಂಟಿಕ್ಕಿತು.

"ಇದು ಶಾಂತ ಅಲ್ಲ. ಶಾಂತವಾಗಿರೋ ನಾಯಿ ಮೈ ಸಡಿಲ ಬಿಡುತ್ತೆ, ಬಾಯಿ ಅರೆ ತೆರೆದಿರುತ್ತೆ. ಇದರ ಬಾಯಿ ನೋಡಿ, ಹೊಲಿದ ಹಾಗಿದೆ. ಬಾಲ ಹೊಟ್ಟೆಯಡಿ ಹೋಗಿದೆ, ಕಣ್ಣಂಚಲ್ಲಿ ಬಿಳಿ ಕಾಣ್ತಿದೆ. ಕಲ್ಲಿನ ಹಾಗೆ ಕೂತಿದೆ ಅಂದ್ರೆ ಹೆದರಿದೆ ಅಂತ ಅರ್ಥ, ಮೇಡಂ."

ತೋವಾ ಬಾಗಿಲಾಚೆಯ ತಮಾತಿಯಿಂದ ಕಣ್ಣು ಕೀಳಲಿಲ್ಲ. ಅವನು ಪೈಪಿನಿಂದ ಬೂಟಿಗೆ ಟಪಟಪ ಬಡಿದುಕೊಳ್ಳುತ್ತಿದ್ದ. ನಾಯಿಯ ಮೈ ಸಣ್ಣಗೆ ನಡುಗುತ್ತಿತ್ತು.

"ಗೊತ್ತಾಯ್ತು ಬಿಡಿ," ಎಂದು ಅಜ್ಜಿ ಅವನ ಕೈಯ ಕಡೆಗೆ ಗದ್ದ ಎತ್ತಿ ತೋರಿಸಿದರು.

ತಮಾತಿಯನ್ನು ಒಳಗೆ ಕರೆದರು. ತೋವಾ ನೆಲಕ್ಕೆ ಅಂಟಿಕೊಂಡು ತೆವಳುತ್ತ ಹೋಗಿ ಅವನ ಕೈ ನೆಕ್ಕಿತು.

"ನೋಡಿ, ಹೊಡೆಯೋ ಕೈಯನ್ನೇ ನೆಕ್ಕುತ್ತೆ ಪಾಪದ ಪ್ರಾಣಿ," ಅಂದರು ಅಜ್ಜಿ. "ಈ ನಾಯಿಗೆ ಏಟು ಬಿದ್ದಿದೆ. ಸುಳ್ಳು ಹೇಳ್ಬೇಡಪ್ಪ."

ತಮಾತಿ ಅಜ್ಜಿಯನ್ನೇ ನೋಡಿದ. ಆಮೇಲೆ ನೆಲ ನೋಡಿದ. "ಬಿದ್ದಿದೆ ಆಂಟಿ. ಜೋರಾಗೇ ಬಿದ್ದಿದೆ."

"ಯಾರು ಹೊಡೆದದ್ದು?"

ಅವನು ಬಗ್ಗಿ ನಾಯಿಯ ಕೊರಳು ಸವರಿದ.

ಇವನೇ ನಮ್ಮೂರ ಒಳ್ಳೆ ಮನುಷ್ಯ ಎಂದು ಶಿಫಾರಸು ಬರೆದಿದ್ದ ಆನಾಹೇರಾಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಮೆರಿಯಾನಾ ಎದ್ದು ನಿಂತಳು. ಪೈಪನ್ನು ನೋಡಿದಳು, ನಾಯಿಯನ್ನು ನೋಡಿದಳು.

"ಮಾ... ಮಾವಾ, ನೀ... ನೀನಾ?"

ಅವನು ಕೈ ಚಾಚಿದ. ಅವಳು ಹಿಂದೆ ಸರಿದಳು. ಆರಡಿ ಆಳು ನಿಂತಲ್ಲೇ ಕುಗ್ಗಿಹೋದ. ಅಷ್ಟು ನಾಚಿಕೆ ಶತ್ರುವಿಗೂ ಬೇಡ.

ಅಜ್ಜಿ 'ಅನರ್ಹ' ಎಂದು ಬರೆದು ಸಹಿ ಎಳೆದರು. ಅಷ್ಟಕ್ಕೂ ಸಮಾಧಾನವಾಗಲಿಲ್ಲ, ಅವನ ಬೆನ್ನಿಗೇ ಟ್ರಕ್ಕಿನವರೆಗೂ ಹೋದರು. ಒಳಗೆ ಕನ್ನಡಿಗೆ ಪುಟ್ಟದೊಂದು ಕೊರಳಪಟ್ಟಿ ನೇತಾಡುತ್ತಿತ್ತು. ಅಜ್ಜಿಯನ್ನು ಕಂಡದ್ದೇ ತೋವಾ ಸೀಟಿನಡಿ ನುಸುಳಿತು.

"ಮಾನ ಮರ್ಯಾದೆ ಇದೆಯೇನಯ್ಯಾ ನಿಂಗೆ? ನನ್ನ ಮರಿ ಹೋದಾಗ ತಿಂಗಳುಗಟ್ಟಲೆ ಅತ್ತಿದ್ದೀನಿ ನಾನು. ನೀನು ಇರೋ ನಾಯಿ ಮೇಲೆ ಕೈ ಮಾಡ್ತೀಯಾ?"

"ಆಂಟಿ, ಪಾಸು ಮಾಡದಿದ್ರೆ ಬೇಡ. ಒಂದೇ ಉಪಕಾರ ಮಾಡಿ. ಹೊಡೆದದ್ದು ನಾನಲ್ಲ ಅಂತ ಆ ಕೂಸಿಗೆ ನೀವೇ ಒಂದು ಮಾತು ಹೇಳಿ. ನಾನು ಹೇಳಿದ್ರೆ ಇನ್ನು ನಂಬಲ್ಲ."

"ನೀನಲ್ದೆ ಇನ್ಯಾರು?"

"ನಂಗೆ ಸಿಕ್ಕಾಗ ಇದು ಐದು ತಿಂಗಳ ಮರಿ. ಸೇತುವೆ ಪಕ್ಕದ ಚರಂಡೀಲಿ ಬಿದ್ದಿತ್ತು. ಮೂರು ಪಕ್ಕೆಲುಬು ಮುರಿದಿತ್ತು. ಯಾರದ್ದು ಅಂತ ಗೊತ್ತಿತ್ತು, ಆದ್ರೆ ವಾಪಸ್ ಕೊಡೋಕೆ ಮನಸ್ಸು ಬರ್ಲಿಲ್ಲ. ಅದೊಂದು ತಪ್ಪು ನಂದೇ."

"ಅಯ್ಯೋ, ಯಾವ ಪಾಪಿ ಮುಂಡೇದು ಅದು! ಯಾರವನು? ಹೆಸರು ಹೇಳು, ಊರ ಮುಂದೆ ನಾನೇ ಮಾನ ಕಳೀತೀನಿ."

"ಒಳಗೆ ಮೇಡಂ ಮುಂದೆ, ಕೂಸಿನ ಮುಂದೆ ಹೇಳೋಕೆ ನಂಗೇ ನಾಚಿಕೆಯಾಯ್ತು ಆಂಟಿ."

ಅವನು ಕನ್ನಡಿಯಿಂದ ಆ ಪುಟ್ಟ ಕೊರಳಪಟ್ಟಿ ಬಿಚ್ಚಿ ಅಜ್ಜಿಯ ಅಂಗೈಯಲ್ಲಿಟ್ಟ.

ಅದರ ಹಿತ್ತಾಳೆ ಬಿಲ್ಲೆಯ ಮೇಲೆ ಬೆರಿಲಜ್ಜಿಯ ಹೆಸರಿತ್ತು.